ಬಾನೆಟ್ಟಿನ ಆ ಕಡೆ

ನನ್ನ ಗಂಡ ತೀರಿಕೊಂಡ ಮೇಲೆ ಅವರ ಪಿಕಪ್ ಗಾಡಿ ಮನೆ ಮುಂದಿನ ಹೊಂಗೆಮರದ ಕೆಳಗೆ ನಿಂತಿದ್ದು ನಿಂತ ಹಾಗೇ ಇತ್ತು. ಎದೆ ಹಿಡಿದ ಹಾಗಾಗುತ್ತಿದೆ ಎಂದು ಅವರು ಗೋಡೆಗೆ ಒರಗಿ ಕೂತ ದಿನ, ಪಕ್ಕದ ಮನೆಯವರ ಕಾರಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಾರು ಹತ್ತುವ ಮುಂಚೆ ಅಂಗಿ ಜೇಬಿನಿಂದ ಗಾಡಿಯ ಕೀ ತೆಗೆದು ನನ್ನ ಕೈಗೆ ಕೊಟ್ಟು, "ಶಿವಾರಪಟ್ಟಣದವರಿಗೆ ಒಂದು ಫೋನ್ ಮಾಡ್ಬಿಡೇ. ನಾಳೆ ವಿಗ್ರಹ ಸಾಗಿಸ್ಬೇಕಿತ್ತು, ಬೇರೆ ಗಾಡಿ ನೋಡ್ಕೊಳ್ಳಿ ಅನ್ನು," ಎಂದರು. ಆಮೇಲೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ನಾನು ಆ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಫೋನ್ ಮಾಡುವುದು ಮರೆತುಹೋಗಿತ್ತು. ಮರುದಿನ ಬೆಳಿಗ್ಗೆ ಶಿಲ್ಪಿಗಳೇ ಫೋನ್ ಮಾಡಿದಾಗ ಸುದ್ದಿ ಹೇಳಬೇಕಾಯಿತು.

ಮಾಲೂರಿನ ಹತ್ತಿರದ ಹಳ್ಳಿ ನಮ್ಮದು. ನಾನು ಊರಿನ ಅಂಗನವಾಡಿಯಲ್ಲಿ ಟೀಚರ್. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ನಮ್ಮತ್ತೆ. ಮಧ್ಯಾಹ್ನದವರೆಗೆ ಮಕ್ಕಳ ಗಲಾಟೆಯಲ್ಲಿ ಹೊತ್ತು ಹೋಗುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಕಿವಿ ಕಿವುಡಾದ ಹಾಗೆ. ಅತ್ತೆ ಮೊದಲೇ ಹೆಚ್ಚು ಮಾತಿನವರಲ್ಲ. ಮಗ ಹೋದ ಮೇಲೆ ಅವರ ಮಾತು "ಅಕ್ಕಿ ಆಗೋಯ್ತು", "ನೀರು ಬಂತು" ಅನ್ನುವಷ್ಟಕ್ಕೆ ನಿಂತಿತ್ತು. ಅವರು ಜಗಲಿಯಲ್ಲಿ ಅಳುತ್ತಿದ್ದರೆ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ನನಗೆ ಅಳು ಬಂದರೆ ಹಿತ್ತಲಿಗೆ ಹೋಗುತ್ತಿದ್ದೆ. ಒಂದೇ ಮನೆಯಲ್ಲಿದ್ದುಕೊಂಡು, ಒಬ್ಬನೇ ಮನುಷ್ಯನಿಗಾಗಿ, ನಾವಿಬ್ಬರೂ ಬೇರೆಬೇರೆ ಅಳುತ್ತಿದ್ದೆವು.

ಗಾಡಿಯ ಕಡೆ ನಾನು ನೋಡುತ್ತಿರಲಿಲ್ಲ. ಹೊಂಗೆಯ ಹೂವು ಉದುರಿ ಬಾನೆಟ್ಟಿನ ಮೇಲೆ ಬಿದ್ದು ಒಣಗಿತು. ಮಳೆ ಬಂದು ಅದನ್ನು ತೊಳೆಯಿತು. ಬೀದಿ ನಾಯಿಯೊಂದು ಅಡಿಯಲ್ಲಿ ಮರಿ ಹಾಕಿತು. ಮುಂದಿನ ಒಂದು ಚಕ್ರದ ಗಾಳಿ ಇಳಿದು ಗಾಡಿ ಒಂದು ಕಡೆ ವಾಲಿಕೊಂಡಿತು. ಕಸ ಗುಡಿಸುವಾಗ ಅದರ ಸುತ್ತ ಗುಡಿಸಿ ಬಂದುಬಿಡುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಶ್ರೀನಿವಾಸಪುರದಿಂದ ನನ್ನ ಮೈದುನ ಬಂದ. ಅಲ್ಲಿ ಅವನಿಗೆ ಸ್ವಲ್ಪ ಮಾವಿನ ತೋಟ ಇದೆ. ಒಳ್ಳೆಯವನೇ. ಅಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂತು, ಹೊರಡುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದ.

"ಅತ್ತಿಗೆ, ಸುಮ್ನೆ ನಿಂತು ತುಕ್ಕು ಹಿಡೀತೈತೆ. ನೋಡಿದಾಗೆಲ್ಲ ಅಮ್ಮನಿಗೂ ಸಂಕಟ, ನಿಮಗೂ ಸಂಕಟ. ಗುಜರಿಯವರಿಗೆ ಹೇಳ್ಬಿಡ್ತೀನಿ. ಕ್ರೇನ್ ತಂದು ಅವರೇ ಎಳ್ಕೊಂಡು ಹೋಗ್ತಾರೆ. ನಿಮಗೇನೂ ತೊಂದ್ರೆ ಇಲ್ಲ."

ಮುಂದಿನ ಚಕ್ರಗಳನ್ನು ಮೇಲೆತ್ತಿ, ಸರಪಳಿ ಬಿಗಿದು, ಇಡೀ ಬೀದಿ ನೋಡುತ್ತಿರುವಾಗ ಅದನ್ನು ಎಳೆದುಕೊಂಡು ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ನಮ್ಮ ಮನೆಯಿಂದ ಒಂದು ಸಲ ಅವರನ್ನು ಹೊತ್ತುಕೊಂಡು ಹೋಗಿದ್ದಾಗಿತ್ತು.

"ಬೇಡ ಕಣಪ್ಪ. ಸ್ವಲ್ಪ ದಿನ ಬಿಡು. ಹೋಗೋದಾದ್ರೆ ತಾನೇ ಓಡ್ಕೊಂಡು ಹೋಗ್ಲಿ," ಎಂದೆ.

ಅವನು ನನ್ನ ಮುಖ ನೋಡಿದ. "ಸ್ಟಾರ್ಟ್ ಆಗಲ್ಲ ಅತ್ತಿಗೆ ಅದು," ಎಂದು ಮೆಲ್ಲಗೆ ಹೇಳಿ ಬಸ್ಸಿಗೆ ಹೊರಟ.

ಮಾಲೂರಿನಲ್ಲಿ ನಮ್ಮ ಮನೆಯವರಿಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಫೋನ್ ಮಾಡಿದಾಗಲೆಲ್ಲ "ಬರ್ತೀನಕ್ಕ, ಈ ವಾರ ಖಂಡಿತ" ಅನ್ನುತ್ತಿದ್ದರು. ಬರಲಿಲ್ಲ. ಕೆಲಸ ಇರಬಹುದು. ನನ್ನ ಗಂಡ ಇಲ್ಲದ ಮನೆಗೆ ಬರುವುದಕ್ಕೆ ಮನಸ್ಸು ಒಪ್ಪದೆಯೂ ಇರಬಹುದು. ಹಾಗೆ ಬರದೆ ಉಳಿದವರು ತುಂಬ ಜನ. ಇನ್ನೊಂದು ಸಲ ಕೇಳುವುದು ನನಗೇ ಬೇಡವಾಯಿತು.

ಗಾಡಿ ಕೆಲಸ ನನಗೆ ಪೂರಾ ಹೊಸದೇನಲ್ಲ. ಭಾನುವಾರಗಳಲ್ಲಿ ನಮ್ಮ ಮನೆಯವರೇ ಬಾನೆಟ್ ಎತ್ತಿ ರಿಪೇರಿ ಮಾಡಿಕೊಳ್ಳುತ್ತಿದ್ದರು. ಆಗ ನಾನು ಡ್ರೈವರ್ ಸೀಟಿನಲ್ಲಿ ಕೂತು ಸೆಲ್ಫ್ ಹೊಡೆಯಬೇಕು. ಬಾನೆಟ್ ಎತ್ತಿದ್ದರೆ ಆ ಕಡೆ ಇರುವವರು ಕಾಣುವುದಿಲ್ಲ. ಎದುರಿಗೆ ಬರೀ ತಗಡು. ಅದರ ಹಿಂದಿನಿಂದ ಅವರ ದನಿ ಬರುತ್ತಿತ್ತು. "ಹೊಡಿ!" ಅಂದರೆ ಕೀ ತಿರುಗಿಸುವುದು, "ಸಾಕು, ನಿಲ್ಸು!" ಅಂದರೆ ಬಿಡುವುದು. ನಡುನಡುವೆ ಏನು ಮಾಡುತ್ತಿದ್ದೇನೆ ಅಂತ ಅವರೇ ಜೋರಾಗಿ ಹೇಳಿಕೊಳ್ಳುತ್ತಿದ್ದರು: ಏರ್ ಹಿಡ್ಕೊಂಡಿದೆ, ಫಿಲ್ಟರಿಗೆ ನೀರು ಬಂದಿದೆ, ಟರ್ಮಿನಲ್ ಸಡಿಲ ಆಗಿದೆ. ನನಗೆ ಕಲಿಸಬೇಕು ಅಂತಲ್ಲ, ಅದು ಅವರ ಅಭ್ಯಾಸ. ಕೇಳಿ ಕೇಳಿ ನನ್ನ ತಲೆಯಲ್ಲಿ ಉಳಿದಿತ್ತು. ಓಡಿಸುವುದನ್ನು ಮಾತ್ರ ಅವರೇ ಮುಂದೆ ನಿಂತು ಕಲಿಸಿದ್ದರು. ಕೆಲಸ ನಿಂತುಹೋಗಿದ್ದ ಒಂದು ಇಟ್ಟಿಗೆ ಗೂಡಿನ ಬಯಲಿನಲ್ಲಿ ಸುತ್ತು ಹೊಡೆಸಿ, ಆಮೇಲೆ ಲೈಸೆನ್ಸನ್ನೂ ಮಾಡಿಸಿದ್ದರು.

ಒಂದು ಭಾನುವಾರ ಬೆಳಿಗ್ಗೆ ಕೀ ತೆಗೆದುಕೊಂಡು ಹೋಗಿ ಬಾಗಿಲು ತೆಗೆದೆ. ಒಳಗಿನ ಗಾಳಿ ಹಳಸಿತ್ತು. ಡೀಸೆಲ್ ವಾಸನೆ, ವಿಗ್ರಹಗಳಿಗೆ ಸುತ್ತುತ್ತಿದ್ದ ಭತ್ತದ ಹುಲ್ಲಿನ ವಾಸನೆ, ಅವರ ಬೆವರಿನ ವಾಸನೆ, ಎಲ್ಲ ಕಲಸಿಕೊಂಡಿತ್ತು. ಸೀಟಿನ ಹಿಂದೆ ಅವರ ಟವೆಲ್. ಅದನ್ನು ತೆಗೆಯದೆ ಅದಕ್ಕೇ ಬೆನ್ನು ಕೊಟ್ಟು ಕೂತು ಕೀ ತಿರುಗಿಸಿದೆ. ಡ್ಯಾಶ್‌ಬೋರ್ಡಿನ ದೀಪಗಳು ಮಿಣುಕ್ ಅಂದವು. ಎಲ್ಲೋ ಒಳಗೆ ಕಟಕಟ ಅಂತ ಸದ್ದಾಗಿ ನಿಂತಿತು.

ಬ್ಯಾಟರಿ. ಅಷ್ಟು ನನಗೂ ತಿಳಿಯಿತು. ಬಾನೆಟ್ ಎತ್ತಿ ನೋಡಿದರೆ ಟರ್ಮಿನಲ್ ಮೇಲೆ ಹಸಿರು ಬೆರೆತ ಬಿಳಿ ಪುಡಿ ಹೂವಿನ ಹಾಗೆ ಅರಳಿತ್ತು. ಕುದಿಯುವ ನೀರು ಹೊಯ್ದು ತೊಳೆದೆ. ಬ್ಯಾಟರಿ ಬಿಚ್ಚಿ, ಪಕ್ಕದ ಮನೆಯವರ ಸಹಾಯದಿಂದ ಆಟೋದಲ್ಲಿ ಇಟ್ಟುಕೊಂಡು ಮಾಲೂರಿಗೆ ಹೋದೆ. ಬ್ಯಾಟರಿ ಅಂಗಡಿಯವರು ಮುಚ್ಚಳಗಳನ್ನು ತಿರುಗಿಸಿ ಒಳಗೆ ಇಣುಕಿ, "ನೀರು ಆರೋಗಿದೆ ಅಷ್ಟೆ ಕಣಮ್ಮ. ಇನ್ನೂ ಜೀವ ಇದೆ. ಬಿಟ್ಟೋಗಿ, ಚಾರ್ಜ್ ಮಾಡಿಡ್ತೀನಿ. ಮನೆಯವರಿಗೆ ನಾಳೆ ಬರೋಕೇಳಿ," ಎಂದರು. ನಾನೇ ಬರ್ತೀನಿ ಎಂದೆ. ಊರಿಗೆಲ್ಲ ಗೊತ್ತಿರುವ ವಿಷಯ ಗೊತ್ತಿಲ್ಲದ ಒಬ್ಬ ಮನುಷ್ಯ ಸಿಕ್ಕಿದ್ದರು. ಅವರ ಪಾಲಿಗೆ ಒಂದು ದಿನವಾದರೂ ನನ್ನ ಗಂಡ ಮನೆಯಲ್ಲಿದ್ದಾರೆ ಅನ್ನಿಸಿತು.

ಚಾರ್ಜ್ ಆದ ಬ್ಯಾಟರಿ ಕೂರಿಸಿ, ಇನ್ನೊಂದು ಭಾನುವಾರ ಮತ್ತೆ ಸೆಲ್ಫ್ ಹೊಡೆದೆ. ಈ ಸಲ ಎಂಜಿನ್ ಗರಗರ ತಿರುಗಿತು. ಮರದ ಮೇಲಿನ ಕಾಗೆಗಳು ಹಾರಿದವು. ತಿರುಗಿತು, ತಿರುಗಿತು, ಆದರೆ ಹಿಡಿದುಕೊಳ್ಳಲಿಲ್ಲ. ಇಳಿದು ಹಿಂದೆ ಹೋಗಿ ಸೈಲೆನ್ಸರ್ ನೋಡಿದೆ. ಹೊಗೆಯೇ ಇಲ್ಲ. "ಹೊಗೆ ಬಂದ್ರೆ ಡೀಸೆಲ್ ಹೋಗ್ತಿದೆ ಅಂತ. ಹೊಗೆ ಇಲ್ಲ ಅಂದ್ರೆ ಎಂಜಿನ್ ಹಸ್ಕೊಂಡಿದೆ ಅಂತ," ಅನ್ನುತ್ತಿದ್ದರು ಅವರು.

ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಅಡಿಗೆ ಪ್ಲಾಸ್ಟಿಕ್ ಮಗ್ ಹಿಡಿದೆ. ಮೊದಲು ತುಕ್ಕು ಬಣ್ಣದ ನೀರು ಬಂತು, ಅದರ ಹಿಂದೆ ಡೀಸೆಲ್. ನೀರು ಪೂರಾ ಹೋಗುವವರೆಗೆ ಬಿಟ್ಟು ಸ್ಕ್ರೂ ಬಿಗಿದೆ. ಟ್ಯಾಂಕಿಗೆ ಬಂಕಿನಿಂದ ಕ್ಯಾನಿನಲ್ಲಿ ತಂದ ಹೊಸ ಡೀಸೆಲ್ ಹಾಕಿದೆ. ಫಿಲ್ಟರಿನ ಮೇಲಿನ ಸಣ್ಣ ಕೈಪಂಪನ್ನು ಹೆಬ್ಬೆರಳು ನೋಯುವ ತನಕ ಒತ್ತಿದೆ. ನೊರೆ ನೊರೆಯಾಗಿ ಗಾಳಿ ಬಂತು, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬಂತು. ಆದರೂ ಎಂಜಿನ್ ಹತ್ತಲಿಲ್ಲ.

ಮುಂದಿನ ಕೆಲಸ ಏನೆಂದು ಗೊತ್ತಿತ್ತು. ಎಂಜಿನ್ನಿಗೆ ಹೋಗುವ ಸಣ್ಣ ಪೈಪುಗಳ ನಟ್ಟು ಸಡಿಲಿಸಿ, ಒಬ್ಬರು ಸೆಲ್ಫ್ ಹೊಡೆಯುತ್ತಿದ್ದರೆ ಇನ್ನೊಬ್ಬರು ಅಲ್ಲಿ ಡೀಸೆಲ್ ಬರುತ್ತದಾ ನೋಡಬೇಕು. ನಾನು ಸೀಟಿನಲ್ಲಿ ಕೂತು ಕೀ ತಿರುಗಿಸಿ, ಇಳಿದು ಓಡಿ ಹೋಗಿ ನೋಡುತ್ತಿದ್ದೆ. ಅಷ್ಟರಲ್ಲಿ ಎಂಜಿನ್ ನಿಂತಿರುತ್ತಿತ್ತು. ಮತ್ತೆ ಹತ್ತಿ, ಮತ್ತೆ ಇಳಿದು. ಒಂದು ಸಲ ಸೀಟಿನಲ್ಲಿ ಕೂತು, ಎತ್ತಿ ನಿಲ್ಲಿಸಿದ ಬಾನೆಟ್ಟಿನ ತಗಡನ್ನೇ ನೋಡುತ್ತ, ಹೊಡಿ ಅನ್ನುವುದಕ್ಕೆ ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು. ಕೈ ಕೀ ಮೇಲಿದೆ, ಮೈ ಮುಂದಕ್ಕೆ ಬಾಗಿದೆ, ಕಿವಿ ಆ ಕಡೆಗಿದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಬೀದಿಯಲ್ಲಿ ಹೋಗುವವರು ನೋಡುತ್ತಾರೆ ಎಂಬುದೂ ನೆನಪಿರಲಿಲ್ಲ.

ತಲೆಯೆತ್ತಿದಾಗ ಅತ್ತೆ ಬಾಗಿಲ ಹತ್ತಿರ ನಿಂತಿದ್ದರು. ಅವರ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಹತ್ತಿರ. ದುಃಖ ಬಂದರೆ, ಕೋಪ ಬಂದರೆ ಅವರ ಮಾತು ತಾನಾಗಿ ತೆಲುಗಿಗೆ ತಿರುಗುತ್ತದೆ.

"ಎಂದುಕಮ್ಮಾ ಇದಂತಾ?" ಎಂದರು. ಯಾಕಮ್ಮ ಇದೆಲ್ಲ ಎಂದು.

"ಒಬ್ಬರ ಕೈಲಿ ಆಗಲ್ಲ ಅತ್ತೆ. ಇನ್ನೊಬ್ರು ಬೇಕು," ಎಂದೆ. ಮೂಗು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಬಳಿದುಕೊಂಡಿದ್ದೆ.

ಅವರು ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾನೇನ್ ಮಾಡ್ಬೇಕು, ಹೇಳು."

ಅವರನ್ನು ಸೀಟಿಗೆ ಹತ್ತಿಸುವುದೇ ಒಂದು ಸಾಹಸವಾಯಿತು. ಮಂಡಿ ನೋವಿನವರು, ಕುಳ್ಳಗಿರುವವರು. ಕಾಲು ಕೆಳಗೆ ತಾಗುತ್ತಿರಲಿಲ್ಲ. "ಈ ಕಡೆ ನಾನ್ ಯಾವತ್ತೂ ಕೂತಿಲ್ವೇ," ಎಂದು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದರು. ಗೇರ್ ನ್ಯೂಟ್ರಲ್‌ನಲ್ಲಿದೆ, ಏನೂ ಆಗುವುದಿಲ್ಲ ಎಂದು ಹೇಳಿ, ಕೀಯನ್ನು ಹೇಗೆ ತಿರುಗಿಸಬೇಕು, ಹೇಗೆ ಬಿಡಬೇಕು ತೋರಿಸಿದೆ. ನಾನು ಬಾನೆಟ್ಟಿನ ಆ ಕಡೆ ಹೋಗಿ ನಿಂತೆ.

ಅಲ್ಲಿಂದ ಸೀಟು ಕಾಣುವುದಿಲ್ಲ ಎಂಬುದು ನನಗೆ ಆವತ್ತೇ ತಿಳಿದದ್ದು. ಅಷ್ಟು ವರ್ಷ ನಮ್ಮ ಮನೆಯವರಿಗೂ ನಾನು ಕಾಣುತ್ತಿರಲಿಲ್ಲ. ಅದಕ್ಕೇ ಅಷ್ಟು ಜೋರಾಗಿ ಮಾತಾಡುತ್ತಿದ್ದರೋ ಏನೋ.

"ಹೊಡೀರಿ ಅತ್ತೆ!" ಎಂದು ಕೂಗಿದೆ.

ಎಂಜಿನ್ ತಿರುಗಿತು. ಪೈಪುಗಳ ಬಾಯಿ ಒಣಗಿದ ಹಾಗೇ ಇತ್ತು. ಒಂದು ಹನಿಯೂ ಬರಲಿಲ್ಲ. "ಸಾಕು, ನಿಲ್ಸಿ!" ಎಂದೆ. ಸ್ವಲ್ಪ ಬಿಟ್ಟು ಮತ್ತೆ ಹೊಡೆಸಿದೆ. ಫಿಲ್ಟರ್ ತನಕ ಡೀಸೆಲ್ ಬಂದಿದೆ, ಮುಂದಕ್ಕೆ ಹೋಗುತ್ತಿಲ್ಲ. ಹಾಗಾದರೆ ಎಂಜಿನ್ನಿಗೆ ಡೀಸೆಲ್ ನೂಕುವ ಪಂಪೇ ಕೆಟ್ಟಿದೆ. ಅದು ನನ್ನಿಂದ ಆಗುವ ಕೆಲಸವಲ್ಲ. ಮೈದುನ ಹೇಳಿದ್ದೇ ಸರಿ, ಕ್ರೇನ್ ಬರಲಿ ಎಂದುಕೊಂಡು ಸ್ಪ್ಯಾನರನ್ನು ಕೆಳಗಿಟ್ಟೆ.

"ಆಗಲ್ಲ ಅತ್ತೆ. ಇಳೀರಿ."

ಅವರು ಇಳಿಯಲಿಲ್ಲ. ಒಳಗಿನಿಂದ ಮಾತು ಬಂತು. "ಏನೋ ಒಂದು ಬಿಟ್ಟೋಗೈತಲ್ಲೇ."

"ಏನು?"

"ಅವನು ಕೀ ತಿರುಗಿಸ್ದಾಗ ಮೊದ್ಲು ಮುಂದ್ಗಡೆ ಟಿಕ್ ಅಂತಿತ್ತು. ಆಮೇಲೆ ಒಂಚೂರು ಸುಮ್ನಿರ್ತಿದ್ದ. ಆಮೇಲೆ ಹೊಡೀತಿದ್ದ. ನಾನು ಜಗಲಿ ಮೇಲೆ ಮಲಗಿರ್ತಿದ್ನಲ್ಲ, ದಿನಾ ಬೆಳಗಾಗೆದ್ರೆ ಅದೇ ಕೇಳಿಸ್ತಿದ್ದಿದ್ದು. ಈಗ ಆ ಟಿಕ್ ಬರ್ತಿಲ್ಲ."

ನಾನು ಆ ಸದ್ದನ್ನು ಯಾವತ್ತೂ ಗಮನಿಸಿರಲಿಲ್ಲ. ಬೆಳಗಿನ ಆ ಹೊತ್ತಿಗೆ ನಾನು ಒಳಗೆ ಊಟದ ಡಬ್ಬಿ ಕಟ್ಟುತ್ತಿರುತ್ತಿದ್ದೆ. ಅತ್ತೆಗೆ ಕೀಯನ್ನು ಅರ್ಧಕ್ಕೆ ತಿರುಗಿಸಿ ಹಿಡಿಯಲು ಹೇಳಿ, ಬಗ್ಗಿ ಕಿವಿಯಿಟ್ಟೆ. ಏನೂ ಇಲ್ಲ. ಪಂಪಿನ ಪಕ್ಕ ಬೆರಳಿನ ಗಾತ್ರದ ಒಂದು ಸಣ್ಣ ಡಬ್ಬಿಯಂಥದ್ದು ಇತ್ತು. ಅದಕ್ಕೆ ಬರುವ ಒಂಟಿ ವೈರನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಹೋದೆ. ಬ್ರಾಕೆಟ್ಟಿನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ ಅದು ತುಂಡಾಗಿತ್ತು. ಇಲಿ ಕಡಿದಿತ್ತು. ಅಲ್ಲೇ ಹತ್ತಿರ ಭತ್ತದ ಹುಲ್ಲು ಸೇರಿಸಿ ಗೂಡು ಮಾಡಿ ಬಿಟ್ಟುಹೋಗಿತ್ತು.

ಆ ಡಬ್ಬಿಗೆ ಕರೆಂಟ್ ಬಂದರೆ ಡೀಸೆಲ್ ದಾರಿ ತೆರೆಯುತ್ತದೆ, ಕೀ ತೆಗೆದರೆ ಮುಚ್ಚುತ್ತದೆ. ಎಂಜಿನ್ ಆರಿಸುವುದೇ ಅದು. ಇದನ್ನೂ ಎಂದೋ ಬಾನೆಟ್ಟಿನ ಹಿಂದಿನಿಂದ ಕೇಳಿದ್ದೆ, ಈಗ ಅರ್ಥವಾಯಿತು. ವೈರಿನ ಎರಡೂ ತುದಿಯ ಸಿಪ್ಪೆಯನ್ನು ಹಲ್ಲಿನಿಂದ ಬಿಡಿಸಿ, ತಿರುಚಿ ಸೇರಿಸಿ ಟೇಪ್ ಸುತ್ತಿದೆ.

"ಈಗ ತಿರುಗಿಸಿ ಅತ್ತೆ. ಅರ್ಧಕ್ಕೆ ಮಾತ್ರ."

ಟಿಕ್.

ನಾನು ಹೇಳದೆಯೇ ಅತ್ತೆ ಕೀ ಹಿಂದಕ್ಕೆ ತಿರುಗಿಸಿ, ಇನ್ನೊಂದು ಸಲ ಟಿಕ್ ಅನ್ನಿಸಿದರು.

ಅವರ ಕೈಲೇ ಸೆಲ್ಫ್ ಹೊಡೆಸುತ್ತ ಪೈಪುಗಳಲ್ಲಿ ಡೀಸೆಲ್ ಚಿಮ್ಮುವುದನ್ನು ನೋಡಿ ಒಂದೊಂದೇ ನಟ್ಟು ಬಿಗಿದೆ. ಕೊನೆಯ ಸಲ ಅವರಿಗೆ ಭಯವಾಗಿ ಇಳಿದುಬಿಟ್ಟರು. ನಾನು ಕೂತು ಹೊಡೆದೆ. ಎಂಜಿನ್ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಗಾಡಿಯೆಲ್ಲ ಅಲುಗಾಡಿ ಹಿಡಿದುಕೊಂಡಿತು. ಬಿಳಿ ಹೊಗೆ ಹೊಂಗೆಮರವನ್ನೆಲ್ಲ ಸುತ್ತಿಕೊಂಡಿತು. ನನಗೆ ನಗು ಬಂತು. ನಕ್ಕು ಎಷ್ಟು ಕಾಲವಾಗಿತ್ತೋ. ತೋರಿಸೋಣ ಎಂದು ಅತ್ತೆಯ ಕಡೆ ತಿರುಗಿದರೆ ಅವರು ಅಲ್ಲಿರಲಿಲ್ಲ, ಒಳಗೆ ಹೋಗಿದ್ದರು.

ಸ್ವಲ್ಪ ಹೊತ್ತಿಗೆ ಅವರು ಲೋಟದಲ್ಲಿ ಟೀ ಹಿಡಿದುಕೊಂಡು ಬಂದರು. ಗಾಡಿ ಶುರುವಾದ ಸದ್ದಿಗೆ ಎದ್ದು, ಟೀ ಮಾಡಿ, ಕಿಟಕಿಯ ಹತ್ತಿರ ತಂದು ಮಗನಿಗೆ ಕೊಡುವುದು ಅವರ ಪ್ರತಿದಿನದ ಕೆಲಸವಾಗಿತ್ತು. ಎಂಜಿನ್ ಬಿಸಿಯಾಗುವಷ್ಟು ಹೊತ್ತು ನಮ್ಮ ಮನೆಯವರು ಅದನ್ನು ಕುಡಿಯುತ್ತಿದ್ದರು. ಅತ್ತೆ ಅದೇ ನಡಿಗೆಯಲ್ಲಿ ನೇರವಾಗಿ ಬಂದು ಕಿಟಕಿಗೆ ಕೈ ಚಾಚಿದರು. ಆಮೇಲೆ ನನ್ನ ಮುಖ ನೋಡಿ ನಿಂತುಬಿಟ್ಟರು.

"ಯಾಕ್ ತಂದ್ನೋ," ಎಂದರು. ಮತ್ತೆ, "ನೀನೇ ಕುಡಿ," ಎಂದು ಕೊಟ್ಟು ಹೋದರು.

ನಾನು ಕುಡಿದೆ. ಮಗನಿಗೆ ಹಾಕುತ್ತಿದ್ದಷ್ಟೇ ಸಕ್ಕರೆ ಹಾಕಿದ್ದರು. ನನಗೆ ಅಷ್ಟು ಸಿಹಿ ಆಗುವುದಿಲ್ಲ.

ಚಕ್ರಕ್ಕೆ ಗಾಳಿ ತುಂಬಿಸಿ, ಕೆಲವು ವಾರ ಗಾಡಿಯನ್ನು ಹಾಗೇ ಇಟ್ಟುಕೊಂಡಿದ್ದೆ. ಭಾನುವಾರ ಸ್ಟಾರ್ಟ್ ಮಾಡಿ ಊರಾಚೆ ಕೆರೆಯವರೆಗೆ ಹೋಗಿ ಬರುತ್ತಿದ್ದೆ. ಊರವರು ತಿರುಗಿ ನೋಡುತ್ತಿದ್ದರು. ಆದರೆ ಎಂಜಿನ್ ಸದ್ದಾದಾಗಲೆಲ್ಲ ಅತ್ತೆ ಎಲ್ಲಿದ್ದರೂ ತಲೆಯೆತ್ತುತ್ತಿದ್ದರು. ಒಂದು ಸಲ ಅಕ್ಕಿ ಆರಿಸುತ್ತಿದ್ದವರು ಮೊರವನ್ನು ಬಿಟ್ಟು ಎದ್ದೇಬಿಟ್ಟರು. ಬಾಗಿಲತನಕ ಬಂದು, ಹೊಸ್ತಿಲ ಮೇಲೆ ನಿಂತು, ಮತ್ತೆ ಹಿಂದಕ್ಕೆ ಹೋಗಿ ಕೂತರು. ನಾನು ಕನ್ನಡಿಯಲ್ಲಿ ನೋಡಿದೆ. ನನಗೆ ಆ ಸದ್ದಿನಲ್ಲಿ ಸ್ವಲ್ಪ ಸಮಾಧಾನ ಇತ್ತು. ಅವರಿಗೆ ಪ್ರತಿ ಸಲವೂ ಮಗ ಬಂದು ಹೋದ ಹಾಗಾಗುತ್ತಿತ್ತು.

ಮೈದುನನಿಗೆ ಫೋನ್ ಮಾಡಿ, "ಗುಜರಿಗೆ ಬೇಡ. ಓಡಿಸೋರು ಯಾರಾದ್ರೂ ಇದ್ರೆ ನೋಡು," ಎಂದೆ. ದೇವರಾಯಸಮುದ್ರದ ಕಡೆ ಟೊಮೆಟೊ ಬೆಳೆಯುವ ಒಂದು ಕುಟುಂಬ ಇದೆ, ಅವರಿಗೆ ಕೋಲಾರದ ಮಾರ್ಕೆಟ್ಟಿಗೆ ಬಾಕ್ಸ್ ಸಾಗಿಸಲು ಗಾಡಿ ಬೇಕಂತೆ ಎಂದು ಅವನೇ ಗೊತ್ತುಮಾಡಿದ. ತಾನು ಬಂದು ತಲುಪಿಸುತ್ತೇನೆ ಎಂದ. ಬೇಡ ಎಂದೆ.

ಹೊರಡುವ ಬೆಳಿಗ್ಗೆ ಸೀಟಿನ ಹಿಂದಿನ ಟವೆಲನ್ನು ಅತ್ತೆಯೇ ಬಂದು ತೆಗೆದುಕೊಂಡರು. ನಾನು ಬೇಕು ಅನ್ನುವ ಮೊದಲೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ಹೆದ್ದಾರಿಯಲ್ಲಿ ಅಷ್ಟು ದೂರ ನಾನು ಒಬ್ಬಳೇ ಓಡಿಸಿದ್ದು ಅದೇ ಮೊದಲು. ಕೋಲಾರ ದಾಟುವ ತನಕ ಸ್ಟೇರಿಂಗ್ ಹಿಡಿದ ಕೈ ಬೆವರುತ್ತಿತ್ತು. ದೊಡ್ಡ ಲಾರಿಗಳು ಹಾರ್ನ್ ಹೊಡೆದು ಪಕ್ಕದಲ್ಲೇ ನುಗ್ಗುತ್ತಿದ್ದವು. ಮುಳಬಾಗಿಲು ರಸ್ತೆಗೆ ಬಂದ ಮೇಲೆ, ಬಂಡೆಗುಡ್ಡಗಳು ಶುರುವಾದ ಮೇಲೆ, ಕೈ ತಾನಾಗಿ ಸಡಿಲವಾಯಿತು. ಅವರು ಇದ್ದಿದ್ದರೆ ಪಕ್ಕದ ಸೀಟಿನಲ್ಲಿ ಕೂತು "ಗೇರ್ ಹಾಕು, ಗೇರ್ ಹಾಕು" ಎಂದು ತಲೆ ತಿನ್ನುತ್ತಿದ್ದರು. ಪಕ್ಕದಲ್ಲಿ ನನ್ನ ಬ್ಯಾಗ್ ಮಾತ್ರ ಇತ್ತು. ತಿರುವುಗಳಲ್ಲಿ ಅದು ಆ ಕಡೆ ಈ ಕಡೆ ಜಾರುತ್ತಿತ್ತು.

ದೇವರಾಯಸಮುದ್ರದಲ್ಲಿ ಗಾಡಿ ಕೊಂಡವರು ಗಂಡ ಹೆಂಡತಿ ಇಬ್ಬರೂ ತೋಟದಿಂದ ಬಂದರು. ಆಕೆ ಮೊದಲು ನೋಡಿದ್ದು ಗಾಡಿಯನ್ನಲ್ಲ, ನನ್ನನ್ನು. "ನೀವೊಬ್ರೇ ಓಡಿಸ್ಕೊಂಡು ಬಂದ್ರಾ ಅಕ್ಕ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಕರೆದುಕೊಂಡು ಹೋಗಿ ಮುದ್ದೆ, ಬಸ್ಸಾರು ಬಡಿಸಿದರು. ನಾನು ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಅವರ ಗಂಡ ಗಾಡಿಯನ್ನು ತೋಟದ ಕಡೆ ತೆಗೆದುಕೊಂಡು ಹೋಗಿಯಾಗಿತ್ತು. ದೂರದಲ್ಲಿ ಕೆರೆ ಏರಿಯ ಹಿಂದಿನಿಂದ ಅದರ ಸದ್ದು ಮಾತ್ರ ಬರುತ್ತಿತ್ತು. ಹೋಗುವುದನ್ನು ನಾನು ನೋಡಲಿಲ್ಲ. ಅದೇ ಒಳ್ಳೆಯದಾಯಿತು.

ಬಸ್ಸಿನಲ್ಲಿ ಕಂಡಕ್ಟರ್ "ಆಧಾರ್ ತೋರಿಸಮ್ಮ" ಎಂದಾಗ ತೆಗೆದು ಕೊಟ್ಟೆ. ಅದರ ವಿಳಾಸದಲ್ಲಿ ನನ್ನ ಗಂಡನ ಹೆಸರು ಹಾಗೇ ಇತ್ತು. ಕಂಡಕ್ಟರ್ ಒಂದು ಸಲ ನೋಡಿ, ಉಚಿತ ಟಿಕೆಟ್ ಹರಿದುಕೊಟ್ಟು ಹಿಂದಿನ ಸೀಟಿಗೆ ಹೋದ. ಕೋಲಾರದಲ್ಲಿ ಬಸ್ಸು ಬದಲಾಯಿಸಿದೆ. ನಿಲ್ದಾಣದ ತುಂಬ ಜನ, ಎಲ್ಲರೂ ಫೋನಿನಲ್ಲಿ ತಾವು ಎಲ್ಲಿದ್ದೇವೆ ಎಂದು ಯಾರಿಗೋ ಹೇಳುತ್ತಿದ್ದರು. ನನಗೂ ಯಾರಿಗಾದರೂ ಹೇಳಬೇಕು ಅನ್ನಿಸಿತು. ಅತ್ತೆಯ ಹತ್ತಿರ ಫೋನ್ ಇಲ್ಲ.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಹೊಂಗೆಮರದ ಕೆಳಗೆ ಅತ್ತೆ ನೀರು ಚಿಮುಕಿಸಿ ಗುಡಿಸಿದ್ದರು. ಜಗಲಿಯ ಮೇಲೆ ಕೂತಿದ್ದರು, ಮಡಚಿದ ಟವೆಲ್ ತೊಡೆಯ ಮೇಲಿತ್ತು.

"ಒಳ್ಳೆ ಜನಾನಾ?" ಎಂದು ಕೇಳಿದರು.

"ಹೂಂ ಅತ್ತೆ. ಊಟ ಹಾಕಿ ಕಳ್ಸಿದ್ರು."

"ಕೆರೇಲಿ ನೀರೈತಾ?"

ಅವರ ತವರಿನ ದಾರಿಯ ಕೆರೆ ಅದು. ಚಿಕ್ಕಂದಿನಲ್ಲಿ ನೋಡಿರುತ್ತಾರೆ. ಐತೆ, ತುಂಬ ಐತೆ ಎಂದೆ. ಅವರು ತಲೆಯಾಡಿಸಿ ಸ್ವಲ್ಪ ಪಕ್ಕಕ್ಕೆ ಸರಿದರು. ನಾನು ಅಲ್ಲಿ ಕೂತೆ. ಕತ್ತಲಾಗುವ ತನಕ ಇಬ್ಬರೂ ಬೀದಿಯನ್ನು ನೋಡುತ್ತ ಕೂತಿದ್ದೆವು.